ಎರಡು ಟಿಕೆಟ್ಟಿನ ಪ್ರಯಾಣ

ಪರದೇಶದಲ್ಲಿದ್ದ ಮಗಳು ವರ್ಷಗಳಿಂದ ಕರೆಯುತ್ತಲೇ ಇದ್ದಳು. ಅತ್ತೆ ಪ್ರತಿ ಸಲವೂ ಒಂದೊಂದು ನೆಪ ಹೇಳಿ ತಳ್ಳಿಹಾಕುತ್ತಿದ್ದರು. ಶಾಲೆ ಶುರುವಾಗುವ ಕಾಲಕ್ಕೆ ಯೂನಿಫಾರಂ ಹೊಲಿಯುವುದಿದೆ ಎನ್ನುವರು. ಶಾಲೆ ಶುರುವಾದ ಮೇಲೆ ಹರಿದದ್ದು, ಬಿಚ್ಚಿದ್ದು ರಿಪೇರಿಗೆ ಬರುತ್ತದೆ ಎನ್ನುವರು. ಈ ಸಲ ಅವಳು ಎರಡನೇ ಹೆರಿಗೆಗೆ ಬಾ ಎಂದು ಫೋನ್ ಮಾಡಿದಾಗ ಮಾತ್ರ, ಕೈಲಿದ್ದ ಕಾಲರನ್ನು ಮಿಷನ್ನಿನ ಮೇಲಿಟ್ಟು, "ಆಯ್ತು, ಬರ್ತೀನಿ" ಎಂದುಬಿಟ್ಟರು.

ಅಡುಗೆಮನೆಯಲ್ಲಿದ್ದ ಸೊಸೆಗೆ ಅದು ಕೇಳಿಸಿತು. ಮೊದಲು ಖುಷಿಯಾಯಿತು. ಖುಷಿಯಾಯಿತಲ್ಲ ಎಂದು ಆಮೇಲೆ ಒಂದಿಷ್ಟು ಬೇಜಾರೂ ಆಯಿತು. ಅವಳು ಬೇಕರಿಯ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಬೆಳಗಿನಿಂದ ನಿಂತು ನಿಂತು ಕಾಲು ಸೋತು ಮನೆಗೆ ಬಂದರೆ, ಹಿಂದಿನ ಕೋಣೆಯಿಂದ ಮಿಷನ್ನಿನ ಸದ್ದು, ಹಾಲ್‌ನ ತುಂಬ ನೂಲಿನ ಚೂರು, ಊಟದ ಮೇಜಿನ ಅರ್ಧಕ್ಕೆ ಪುಸ್ತಕ ಹರಡಿಕೊಂಡು ಕಿವಿಗೆ ಹತ್ತಿ ತುರುಕಿ ಓದುತ್ತಿದ್ದ ಮಗಳು. ಆ ಮಗಳಿಗೆ ಗಿಣಿ ಎಂದು ಹೆಸರಿಟ್ಟವರು ಅಜ್ಜಿಯೇ. ಬಾಯಿ ಬಿಟ್ಟರೆ ಮುಚ್ಚುವುದಿಲ್ಲ ಅಂತ. ಗಿಣಿಗೆ ಈ ವರ್ಷ ದೊಡ್ಡ ಪರೀಕ್ಷೆ. ಹಿಂದಿನ ಕೋಣೆ ಅವಳಿಗೆ ಸಿಕ್ಕಿದ್ದರೆ ಎಂದು ಸೊಸೆ ಗಂಡನ ಹತ್ತಿರ ಒಂದೆರಡು ಸಲ ಆಡಿದ್ದಳು. ಗಂಡ ಅದಕ್ಕೆ ಹೂಂ ಎಂದೂ ಹೇಳಿರಲಿಲ್ಲ, ಊಹೂಂ ಎಂದೂ ಹೇಳಿರಲಿಲ್ಲ.

ಟಿಕೆಟ್ಟಿನ ವಿಷಯದಲ್ಲಿ ಮಾತ್ರ ಅವನು ಚುರುಕಾದ. ತಂಗಿ ತಾನೇ ಪೂರ್ತಿ ಟಿಕೆಟ್ ಮಾಡಿಸುತ್ತೇನೆಂದಳು. ಅವನಿಗೆ ಅದು ಹಿಡಿಸಲಿಲ್ಲ.

"ಅಮ್ಮನ್ನ ಕಳಿಸೋಕೂ ಗತಿಯಿಲ್ವಾ ನಮಗೆ? ದೊಡ್ಡ ಊರಿನವರೆಗೂ ವಿಮಾನ ನನ್ನದು. ಅಲ್ಲಿಂದ ಮುಂದೆ ನಿನ್ನದು" ಎಂದು ಫೋನಿನಲ್ಲೇ ತೀರ್ಮಾನ ಮಾಡಿದ. ಎಲೆಕ್ಟ್ರಿಷಿಯನ್ ಕೆಲಸ ಅವನದು. ದಿನವೆಲ್ಲ ಏಣಿ ಹತ್ತಿ ಇಳಿಯುತ್ತ, ಬಿಡುವಿದ್ದಾಗ ಮೊಬೈಲಿನಲ್ಲಿ ಟಿಕೆಟ್ ದರ ನೋಡುತ್ತ, ಅಗ್ಗದ್ದೊಂದನ್ನು ಹಿಡಿದೇಬಿಟ್ಟ. ಆವತ್ತು ಊಟಕ್ಕೆ ಕೂತಾಗ ಅವನ ಮುಖದಲ್ಲಿ ಯುದ್ಧ ಗೆದ್ದ ಕಳೆ.

"ನೋಡಿದ್ರಾ? ಎರಡು ಕಂಪನಿ, ಎರಡು ಟಿಕೆಟ್ಟು. ಮಧ್ಯೆ ಬೇಕಾದಷ್ಟು ಹೊತ್ತಿದೆ. ಅಮ್ಮ ಇಲ್ಲಿ ಬ್ಯಾಗ್ ಕೊಟ್ರೆ ಮಗಳ ಊರಲ್ಲಿ ಇಸ್ಕೊಂಡ್ರಾಯ್ತು."

"ಆಗಲ್ಲಪ್ಪ" ಎಂದಳು ಗಿಣಿ, ಬಾಯಲ್ಲಿದ್ದ ಅನ್ನ ನುಂಗದೆಯೇ. "ಒಂದೇ ಟಿಕೆಟ್ ಆಗಿದ್ರೆ ಬ್ಯಾಗು ತಾನಾಗೇ ಹೋಗ್ತಿತ್ತು. ಇದು ಬೇರೆ ಬೇರೆ. ಅಜ್ಜಿ ಮಧ್ಯದಲ್ಲಿ ಬ್ಯಾಗ್ ಇಳಿಸ್ಕೊಂಡು, ಹೊರಗೆ ಬಂದು, ಇನ್ನೊಂದು ಕಂಪನಿ ಕೌಂಟರಿಗೆ ಹೋಗಿ ಮತ್ತೆ ಕೊಡಬೇಕು."

"ಅದೇನು, ನಾನೂ ದಿನಾ ವೈರ್ ಸೇರಿಸ್ತೀನಿ. ಎರಡು ಸೇರಿಸಿದ್ರೆ ಕರೆಂಟ್ ಹರಿಯಲ್ವಾ?"

"ನೀನು ಸೇರಿಸಿಲ್ಲ ಅಪ್ಪ. ಪಕ್ಕಪಕ್ಕದಲ್ಲಿ ಇಟ್ಟಿದ್ದೀಯ ಅಷ್ಟೆ."

ಸೊಸೆ ನಗು ತಡೆಯಲಾರದೆ ನೀರು ತರುವ ನೆಪದಲ್ಲಿ ಎದ್ದುಹೋದಳು. ಗಂಡ ಮುಖ ಊದಿಸಿಕೊಂಡು ಕಂಪನಿಗೆ ಫೋನ್ ಮಾಡಿದ. ಆ ಕಡೆಯವರು ಗಿಣಿ ಹೇಳಿದ್ದನ್ನೇ ಸ್ವಲ್ಪ ವಿನಯವಾಗಿ ಹೇಳಿದರು. ಅದರ ಮೇಲೆ ಇನ್ನೊಂದು ಗಂಟು. ಮೊದಲ ವಿಮಾನದ ಚಿಕ್ಕ ಕಂಪನಿಯಲ್ಲಿ ಹದಿನೈದು ಕಿಲೋ ಮಾತ್ರ. ದೊಡ್ಡ ಕಂಪನಿಯಲ್ಲಿ ಅದರ ಎರಡರಷ್ಟು. ಮುಂದಿನ ವಿಮಾನ ಎಷ್ಟು ಹೊತ್ತುಕೊಂಡರೂ, ಮೊದಲ ವಿಮಾನ ಹೊತ್ತಷ್ಟೇ ಲೆಕ್ಕ.

ಅತ್ತೆ ಇದನ್ನೆಲ್ಲ ತುಟಿ ಪಿಟಕ್ಕೆನ್ನದೆ ಕೇಳಿಸಿಕೊಂಡರು. ತಟ್ಟೆ ಎತ್ತುವಾಗ, "ನಂಗೆ ಅಷ್ಟೊಂದು ಇಂಗ್ಲಿಷು ಓದೋಕೆ ಬರಲ್ಲ. ಮಧ್ಯದಲ್ಲಿ ಬ್ಯಾಗ್ ಹುಡುಕ್ಕೊಂಡು ಎಲ್ಲಿ ಅಲೀಲಿ?" ಎಂದರು, ಯಾರನ್ನೂ ನೋಡದೆ.

ಯಾರಾದರೂ ಜೊತೆಗೆ ಹೋಗಿ, ಎರಡನೇ ವಿಮಾನದ ಕೌಂಟರಿನವರೆಗೆ ಬಿಟ್ಟು ಬರಬೇಕು ಎಂಬುದು ಆಗಲೇ ಗೊತ್ತಾಗಿತ್ತು. ಗಂಡ ಹೊಸ ಕಟ್ಟಡವೊಂದರ ಕೆಲಸ ಒಪ್ಪಿಕೊಂಡಿದ್ದ, ಬಿಡುವ ಹಾಗಿರಲಿಲ್ಲ. ಗಿಣಿಗೆ ಪರೀಕ್ಷೆ. ಉಳಿದವಳು ಸೊಸೆ.

"ನಾನು ಒಂದು ಸಲಾನೂ ವಿಮಾನ ಹತ್ತಿದವಳಲ್ಲ" ಎಂದಳು ಅವಳು.

"ಅಮ್ಮನೂ ಹತ್ತಿಲ್ವಲ್ಲ. ಇಬ್ಬರೂ ಕಲೀರಿ" ಎಂದ ಗಂಡ. ಅವಳಿಗೆ ಹೋಗಿ ಬರುವ ಟಿಕೆಟ್ ತೆಗೆಸಿದ. ಹೋಗುವಾಗ ಬ್ಯಾಗಿನ ಸೌಲಭ್ಯ ಇತ್ತು. ಬರುವಾಗ ಅದನ್ನು ಬಿಟ್ಟು ಇನ್ನೂ ಅಗ್ಗಕ್ಕೆ ತಗೊಂಡ. "ಬರೋವಾಗ ನೀನು ಬರಿಗೈಲಿ ಬರ್ತೀಯಲ್ಲ" ಅಂತ.

ಆಮೇಲಿನ ವಾರಗಳಲ್ಲಿ ಅತ್ತೆ ಒಪ್ಪಿಕೊಂಡಿದ್ದ ಹೊಲಿಗೆಯನ್ನೆಲ್ಲ ಮುಗಿಸಿಕೊಟ್ಟರು. ಹೊಸದನ್ನು ಹಿಡಿಯಲಿಲ್ಲ. ಬಾಗಿಲಿಗೆ ಬಂದವರಿಗೆ ಮೂಲೆಯಂಗಡಿಯ ಟೈಲರನ್ನು ತೋರಿಸಿ ಕಳಿಸಿದರು. ಅಳತೆಯ ಟೇಪು, ಕತ್ತರಿ, ಗುಂಡಿಯ ಡಬ್ಬಿಗಳೆಲ್ಲ ಒಂದೊಂದಾಗಿ ಕಪಾಟಿನಿಂದ ಮಾಯವಾದವು. ಸೊಸೆ ಇದನ್ನು ಗಮನಿಸಿದಳು. ಆದರೆ ಬೇಕರಿಯಲ್ಲಿ ಆಗ ರಜೆಯ ಕಾಲದ ಗಿರಾಕಿಗಳು, ಕೇಳುವಷ್ಟು ಪುರುಸೊತ್ತು ಸಿಗಲಿಲ್ಲ. ಗಿಣಿಯ ಓದಿನ ಮಧ್ಯೆ ಅಜ್ಜಿ ಬಂದು ಮೇಜಿನ ಹತ್ತಿರ ಸುಮ್ಮನೆ ನಿಲ್ಲುವರು.

"ಏನಜ್ಜಿ?"

"ಏನಿಲ್ಲ. ಓದ್ಕೋ."

ಹೊರಡುವ ಹಿಂದಿನ ದಿನ ಬ್ಯಾಗು ತೂಗಲೆಂದು ಗಂಡ ಪರಿಚಯದ ಅಂಗಡಿಯಿಂದ ಕೈತಕ್ಕಡಿ ತಂದ. ಅತ್ತೆಯ ಬಟ್ಟೆಯ ಬ್ಯಾಗು ಲೆಕ್ಕದೊಳಗೇ ಇತ್ತು. ಅದರ ಪಕ್ಕದಲ್ಲಿ ಹಳೆಯ ಕಂಬಳಿಯಲ್ಲಿ ಸುತ್ತಿ, ಹಗ್ಗ ಬಿಗಿದು, ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿದ್ದ ಇನ್ನೊಂದು ಸಾಮಾನಿತ್ತು. ಅವನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡ.

"ಅಮ್ಮಾ, ಇದರಲ್ಲೇನು ಕಲ್ಲು ತುಂಬಿದ್ದೀಯಾ?"

"ಮಿಷನ್ನು."

ಮೂವರೂ ಹಿಂದಿನ ಕೋಣೆಯ ಕಡೆ ನೋಡಿದರು. ಮಿಷನ್ನಿನ ಸ್ಟ್ಯಾಂಡ್ ಇತ್ತು, ಅದರ ಮೇಲೆ ಏನೂ ಇರಲಿಲ್ಲ. ಮಂಚದ ಹಾಸಿಗೆ ಸುರುಳಿ ಸುತ್ತಿತ್ತು.

"ಆರು ತಿಂಗಳಿಗೆ ಹೋಗೋಳು ಮಿಷನ್ ಯಾಕೆ ಹೊತ್ಕೊಂಡು ಹೋಗ್ತೀಯ?" ಎಂದು ಮಗ ಕೇಳಿದ.

"ಅಲ್ಲಿ ಕೂತು ನೊಣ ಹೊಡೀಲಾ? ಕೂಸಿಗೆ ನಾಲ್ಕು ಅಂಗಿ ಹೊಲಿದ್ರೆ ಬೇಡ ಅಂತಾರಾ?"

"ನಿನ್ನ ಟಿಕೆಟ್ಟಲ್ಲಿ ಇದಕ್ಕೆ ಜಾಗ ಇಲ್ಲ."

"ಇವಳ ಟಿಕೆಟ್ಟಲ್ಲಿ ಇದೆಯಲ್ಲ. ಇವಳಿಗೆ ಒಯ್ಯೋಕೇನೂ ಇಲ್ಲ. ದೊಡ್ಡ ಊರಿನವರೆಗೆ ಇವಳ ಹೆಸರಲ್ಲಿ ಬರ್ಲಿ, ಅಲ್ಲಿಂದ ನನ್ನ ಹೆಸರಿಗೆ ಹಾಕ್ಕೋತೀನಿ. ಆ ಕಂಪನೀಲಿ ಬೇಕಾದಷ್ಟು ಬಿಡ್ತಾರಲ್ಲ."

ಅತ್ತೆ ಆವತ್ತು ಊಟದ ಹೊತ್ತಿನಲ್ಲಿ ಸುಮ್ಮನೆ ಕೂತಿರಲಿಲ್ಲ, ಎಲ್ಲ ಯೋಚಿಸಿಯೇ ಇಟ್ಟಿದ್ದರು. ಮಗ ಪೆಟ್ಟಿಗೆಯ ಹಗ್ಗಕ್ಕೆ ಕೈತಕ್ಕಡಿ ಸಿಕ್ಕಿಸಿದ. ಸೊಸೆ ಮಾತ್ರ ಖಾಲಿ ಸ್ಟ್ಯಾಂಡಿನ ಕಡೆಯಿಂದ ಕಣ್ಣು ತೆಗೆಯಲಿಲ್ಲ. ಇವರು ಬರೀ ಆರು ತಿಂಗಳಿಗೆ ಹೋಗುತ್ತಿಲ್ಲ ಎಂದು ಅವಳಿಗೆ ಅನ್ನಿಸಿತು.

ಮೊದಲ ವಿಮಾನ ತಡವಾಗಿ ಹೊರಟಿತು. ಏನೋ ರಿಪೇರಿ ಎಂದರು, ಆಮೇಲೆ ಹವಾಮಾನ ಎಂದರು. ಮಧ್ಯೆ ಬೇಕಾದಷ್ಟಿದ್ದ ಹೊತ್ತು ಬೆಲ್ಲದ ಉಂಡೆಯ ಹಾಗೆ ಕರಗಿತು. ಆಕಾಶದಲ್ಲಿ ಅತ್ತೆ ಸೀಟಿನ ಎರಡೂ ಕೈಗಳನ್ನು ಬಿಗಿಹಿಡಿದು ಕಣ್ಣು ಮುಚ್ಚಿಯೇ ಕೂತಿದ್ದರು. ಸೊಸೆ ಒಂದು ಸಲ, "ಕೆಳಗೆ ಮೋಡ ನೋಡಿ ಅತ್ತೆ" ಎಂದಳು. "ನೀನೇ ನೋಡಿ ಹೇಳು" ಎಂದರು.

ದೊಡ್ಡ ಊರಿನಲ್ಲಿ ಇಳಿದು ಬ್ಯಾಗಿನ ಬೆಲ್ಟಿನ ಹತ್ತಿರ ನಿಂತರು. ರಬ್ಬರಿನ ಪರದೆ ಸರಿಸಿಕೊಂಡು ಬ್ಯಾಗುಗಳು ಒಂದೊಂದಾಗಿ ಹೊರಬಂದವು. ಅತ್ತೆಯ ಬಟ್ಟೆಯ ಬ್ಯಾಗು ಬೇಗನೇ ಬಂತು. ಮಿಷನ್ನಿನ ಪೆಟ್ಟಿಗೆ ಬರಲಿಲ್ಲ. ಜೊತೆಗೆ ಬಂದವರೆಲ್ಲ ತಮ್ಮ ತಮ್ಮ ಸಾಮಾನು ಎಳೆದುಕೊಂಡು ಹೋದರು. ಬೆಲ್ಟು ಖಾಲಿಯಾಗಿ ಸುತ್ತಿ ಸುತ್ತಿ ನಿಂತಿತು.

ಸೊಸೆ ಚೀಟಿ ಹಿಡಿದು ಕಂಪನಿಯ ಮೇಜಿನ ಹತ್ತಿರ ಓಡಿದಳು. ಅಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ, ಫೋನ್ ಮಾಡಿ, ತಲೆಯೆತ್ತಿದಳು.

"ಎಕ್ಸ್‌ರೇಲಿ ಕಬ್ಬಿಣದ ಮುದ್ದೆ ಹಾಗೆ ಕಂಡಿದೆ ಮೇಡಂ. ತೆರೆದು ನೋಡೋಕೆ ಅಂತ ಅಲ್ಲೇ ತಡೆದಿದ್ದಾರೆ. ಈಗ ಬಿಟ್ಟಿದ್ದಾರಂತೆ. ಮುಂದಿನ ವಿಮಾನದಲ್ಲಿ ಬರತ್ತೆ, ಸಾಯಂಕಾಲಕ್ಕೆ."

"ಅಷ್ಟು ಹೊತ್ತಿಗೆ ಇವರ ವಿಮಾನ ಹೋಗಿರತ್ತೆ. ನೀವೇ ಅದನ್ನ ಇವರು ಹೋಗೋ ಊರಿಗೆ ಕಳಿಸ್ಬಿಡಿ."

"ನಮ್ಮ ಹತ್ರ ನಿಮ್ಮ ಟಿಕೆಟ್ ಇರೋದು ಇಲ್ಲಿಯವರೆಗೆ ಮಾತ್ರ. ಮುಂದಿನದು ಬೇರೆ ಕಂಪನಿ, ಬೇರೆ ಟಿಕೆಟ್ಟು. ಅದರ ಜವಾಬ್ದಾರಿ ನಮಗೆ ಬರಲ್ಲ."

"ಆ ಕಂಪನಿಯವರನ್ನ ಕಾಯೋಕೆ ಹೇಳಿದ್ರೆ?"

"ಅವರಿಗೆ ಇವರು ಈ ವಿಮಾನದಲ್ಲಿ ಬಂದಿದ್ದೇ ಗೊತ್ತಿರಲ್ಲ, ಮೇಡಂ."

ಅತ್ತೆ ಬಟ್ಟೆಯ ಬ್ಯಾಗಿನ ಮೇಲೆ ಕೂತುಬಿಟ್ಟಿದ್ದರು. ಸೊಸೆ ಬಂದು ವಿಷಯ ಹೇಳಿದಳು.

"ಏಳಿ ಅತ್ತೆ. ಈಗ ಹೋದ್ರೆ ನಿಮ್ಮ ಕೌಂಟರ್ ಸಿಗತ್ತೆ. ಮಿಷನ್ ನಾನು ಇಸ್ಕೊಂಡು ಮನೆಗೆ ತಗೊಂಡು ಹೋಗ್ತೀನಿ."

"ಮಿಷನ್ ಬಿಟ್ಟು ನಾನು ಹೋಗಲ್ಲ."

"ಈ ವಿಮಾನ ತಪ್ಪಿದ್ರೆ ಟಿಕೆಟ್ ಪೂರ್ತಿ ಹೋಗತ್ತೆ. ಅಲ್ಲಿ ನಿಮ್ಮ ಮಗಳಿಗೆ ದಿನ ತುಂಬಿದೆ."

"ಮನೆಗೆ ತಗೊಂಡು ಹೋಗಿ ಏನು ಮಾಡ್ತೀಯ? ಅಟ್ಟಕ್ಕೆ ಹಾಕ್ತೀಯಾ?"

ಅಟ್ಟ ಎಂಬ ಮಾತು ಸೊಸೆಯದೇ. ಪಾತ್ರೆ ತೊಳೆಯುತ್ತ ಗಂಡನ ಹತ್ತಿರ ಆಡಿದ್ದು: ಮಿಷನ್ ಅಟ್ಟಕ್ಕೆ ಹಾಕಿದರೆ ಗಿಣಿಗೆ ಒಂದು ಕೋಣೆ ಆಗುತ್ತೆ ಅಂತ.

"ಕೇಳಿಸ್ಕೊಂಡ್ರಾ?"

"ನಲ್ಲಿ ನಿಲ್ಲಿಸಿ ಮಾತಾಡಿದ್ರೆ ಗೋಡೆಗೂ ಕೇಳ್ಸತ್ತೆ."

"ಕೇಳಿಸ್ಕೊಂಡ ಮೇಲೆ ನನ್ನನ್ನ ಕರೆದು ಬೈಬಹುದಿತ್ತಲ್ಲ. ಮನೆ ಖಾಲಿ ಮಾಡ್ಕೊಂಡು ಹೊರಡೋದಾ?"

"ಬೈದ್ರೆ ಏನಾಗ್ತಿತ್ತು? ನೀನು ಹೇಳಿದ್ದು ಸುಳ್ಳಲ್ಲ. ಮಗುಗೆ ಓದೋಕೆ ಜಾಗ ಬೇಕು. ಮಿಷನ್ ಹೋದ್ರೆ ಅಲ್ಲಿ ನನಗೇನು ಕೆಲಸ? ಮಂಚದ ಮೇಲೆ ಕೂತು ಊಟಕ್ಕೆ ಕಾಯೋದಾ?"

"ಮಿಷನ್ ತೆಗೀಬೇಕು ಅಂದೆ. ನಿಮ್ಮನ್ನ ತೆಗೀಬೇಕು ಅನ್ನಲಿಲ್ಲ."

"ನನಗೆ ಎರಡೂ ಒಂದೇ ಕಣೇ."

ಸೊಸೆ ಬ್ಯಾಗು ತಳ್ಳುವ ಗಾಡಿ ಎಳೆದು ತಂದಳು. ಅತ್ತೆಯ ತೋಳು ಹಿಡಿದು ಎಬ್ಬಿಸಿದಳು, ಬ್ಯಾಗನ್ನು ಗಾಡಿಯ ಮೇಲಿಟ್ಟಳು. ಅತ್ತೆ ಕೊಸರಾಡಲಿಲ್ಲ. ಇಬ್ಬರೂ ಓಡುತ್ತಲೂ ನಡೆಯುತ್ತಲೂ, ಲಿಫ್ಟು ಹತ್ತಿ, ಉದ್ದದ ಸಾಲು ದಾಟಿ, ಕೇಳಿ ಕೇಳಿ ದೊಡ್ಡ ಕಂಪನಿಯ ಕೌಂಟರು ಮುಟ್ಟಿದರು. ಮುಚ್ಚುವ ಹೊತ್ತು. ಅತ್ತೆಯ ಬ್ಯಾಗು ತೂಗಿದ ಹುಡುಗ, "ಇಷ್ಟೇನಾ? ಇನ್ನೂ ಅರ್ಧ ಬಾಕಿ ಇದೆಯಲ್ಲ ಅಮ್ಮ" ಎಂದ.

"ಅರ್ಧ ಹಿಂದೆ ಉಳೀತಪ್ಪ" ಎಂದರು ಅತ್ತೆ.

ಒಳಗೆ ಹೋಗುವ ಬಾಗಿಲ ಹತ್ತಿರ ಸೊಸೆ ಪಾಸ್‌ಪೋರ್ಟು, ಚೀಟಿ ಎಲ್ಲ ಅತ್ತೆಯ ಕೈಗಿತ್ತು ಬೆರಳು ಮಡಚಿದಳು. "ಇನ್ನು ಬ್ಯಾಗಿನ ಯೋಚನೆ ಬೇಡ, ಅದು ಸೀದಾ ಅಲ್ಲಿಗೇ ಬರತ್ತೆ. ಈ ನಂಬರ್ ತೋರಿಸಿದ್ರೆ ಯಾರಾದ್ರೂ ದಾರಿ ಹೇಳ್ತಾರೆ."

"ನೀನು ಊಟ ಮಾಡು. ಬೆಳಗಿಂದ ಏನೂ ತಿಂದಿಲ್ಲ" ಎಂದರು ಅತ್ತೆ. ತಿರುಗಿ ನೋಡದೆ ಒಳಗೆ ಹೋದರು.

ಸಾಯಂಕಾಲದ ವಿಮಾನದಲ್ಲಿ ಪೆಟ್ಟಿಗೆ ಬಂತು. ಹಗ್ಗ ಬಿಚ್ಚಿ ಯಾರೋ ಅಡ್ಡಾದಿಡ್ಡಿ ಕಟ್ಟಿದ್ದರು. ಸೊಸೆ ವಾಪಸು ಹೋಗುವ ವಿಮಾನದ ಕೌಂಟರಿಗೆ ಅದನ್ನು ತಳ್ಳಿಕೊಂಡು ಹೋದರೆ, ಅವಳ ಟಿಕೆಟ್ಟಿನಲ್ಲಿ ಬ್ಯಾಗಿಲ್ಲ ಎಂದರು. ಅದಕ್ಕೆ ಕೇಳಿದ ದರದಲ್ಲಿ ಇನ್ನೊಬ್ಬಳು ಸೊಸೆಯನ್ನೇ ಕರೆದೊಯ್ಯಬಹುದಿತ್ತು. ಅವಳು ಗಂಡನಿಗೆ ಫೋನ್ ಮಾಡಿದಳು.

"ಅಲ್ಲೇ ಯಾರಿಗಾದ್ರೂ ಕೊಟ್ಟು ಬಾ. ಹಳೇ ಮಿಷನ್ನು" ಎಂದ ಅವನು.

"ನೀವು ಬಂದು ಕೊಡಿ" ಎಂದು ಫೋನಿಟ್ಟಳು. ವಿಮಾನವನ್ನು ಅದರ ಪಾಡಿಗೆ ಬಿಟ್ಟು, ಬಸ್ ನಿಲ್ದಾಣಕ್ಕೆ ಹೋಗಿ, ಪೆಟ್ಟಿಗೆಯನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಕೂತು, ಮರುದಿನ ಮನೆ ಮುಟ್ಟಿದಳು. ಬಂದವಳೇ ಗಂಡನನ್ನು ಕರೆದಳು. ಇಬ್ಬರೂ ಹಿಡಿದು ಮಿಷನ್ನನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದರು.

ನಾದಿನಿಗೆ ಹೆಣ್ಣು ಕೂಸಾಯಿತು. ಅತ್ತೆ ಫೋನಿನಲ್ಲಿ ಕೂಸಿನ ತೂಕ ಹೇಳುವರು, ಚಳಿಯ ಸುದ್ದಿ ಹೇಳುವರು, ಗಿಣಿಯ ಪರೀಕ್ಷೆ ಕೇಳುವರು. ಮಿಷನ್ನಿನ ಸುದ್ದಿ ಎತ್ತುತ್ತಿರಲಿಲ್ಲ. ಕೋಣೆಗೆ ಹೋಗಿ ಓದು ಎಂದರೂ ಗಿಣಿ ಹೋಗಲಿಲ್ಲ. "ಅಲ್ಲಿ ಸದ್ದೇ ಇಲ್ಲಮ್ಮ, ನಿದ್ದೆ ಬರತ್ತೆ" ಎಂದು ಊಟದ ಮೇಜಿನಲ್ಲೇ ಪರೀಕ್ಷೆ ಮುಗಿಸಿದಳು.

ಒಂದು ದಿನ ನಾದಿನಿಯ ಜೊತೆ ಕೆಲಸ ಮಾಡುವ ನರ್ಸೊಬ್ಬಳು ರಜೆಗೆ ಊರಿಗೆ ಬಂದಿದ್ದವಳು, ಹಿಂದಿರುಗುವಾಗ ಏನಾದರೂ ಒಯ್ಯಬೇಕೇ ಎಂದು ಕೇಳಿದಳು. ಅವಳದು ಪೂರಾ ದಾರಿಗೆ ಒಂದೇ ಟಿಕೆಟ್ಟು, ಬ್ಯಾಗಿಗೆ ಜಾಗ ಧಾರಾಳ.

"ಮಿಷನ್ ಕಳಿಸೋಣ" ಎಂದಳು ಸೊಸೆ.

ಗಂಡ ಟೀ ಲೋಟ ಕೆಳಗಿಟ್ಟ. "ತಲೆ ಕೆಟ್ಟಿದೆಯಾ? ಅದು ಇಲ್ಲಿದ್ರೆ ಅಮ್ಮ ಬಂದೇ ಬರ್ತಾಳೆ. ಕಳಿಸಿದ್ಯೋ, ಅಲ್ಲೇ ಊರಿಬಿಡ್ತಾಳೆ."

"ಅದಕ್ಕೇ ಕಳಿಸ್ಬೇಕು. ಅವರ ಸಾಮಾನು ಒತ್ತೆ ಇಟ್ಕೊಂಡು ಅವರನ್ನ ಕರೆಸ್ಕೊಳ್ಳೋದಾ?"

"ದೊಡ್ಡ ಮಾತಾಡ್ಬೇಡ. ಅಟ್ಟಕ್ಕೆ ಹಾಕೋಣ ಅಂದೋಳೂ ನೀನೇ."

"ಹೌದು, ನಾನೇ. ಅದಕ್ಕೇ ಹೇಳ್ತಿದ್ದೀನಿ."

ಮಾತಿಗೆ ಮಾತು ಬೆಳೆದು, ಎರಡು ದಿನ ಗಂಡ ಹೆಂಡತಿಯ ನಡುವೆ ಗಿಣಿಯೇ ಸುದ್ದಿ ಮುಟ್ಟಿಸುವವಳಾದಳು. ಮೂರನೆಯ ದಿನ ಅವನೇ ಹೊಸ ಹಗ್ಗ ತಂದು ಪೆಟ್ಟಿಗೆ ಕಟ್ಟಿದ. ಮೇಲೆ ದಪ್ಪ ಅಕ್ಷರದಲ್ಲಿ 'ಹೊಲಿಗೆ ಮಿಷನ್' ಎಂದು ಗಿಣಿ ಬರೆದಳು, ಇಂಗ್ಲಿಷಿನಲ್ಲೂ ಬರೆದಳು.

ಮಿಷನ್ ಮುಟ್ಟಿದ ದಿನ ಅತ್ತೆಯ ಫೋನ್ ಬೇಕರಿಗೇ ಬಂತು. ಸೊಸೆ ಬನ್ನಿನ ಟ್ರೇ ಇಳಿಸುತ್ತಿದ್ದಳು. ಫೋನನ್ನು ಭುಜ ಕಿವಿಗಳ ನಡುವೆ ಸಿಕ್ಕಿಸಿಕೊಂಡಳು.

"ಯಾರು ಕಳಿಸು ಅಂದಿದ್ದು ನಿನಗೆ?" ಸ್ವರ ಬಿರುಸಾಗಿತ್ತು.

"ಯಾರೂ ಹೇಳ್ಲಿಲ್ಲ. ನಿಮಗೆ ಬೇಕಾಗತ್ತೆ ಅಂತ ನಾನೇ."

"ನಾನು ಕೇಳಿದ್ನಾ? ಆವತ್ತು ಅದು ನಿನ್ನ ಜೊತೆ ವಾಪಸು ಹೋಯ್ತಲ್ಲ, ನನಗೆ ಒಂಥರಾ ಸಮಾಧಾನ ಆಗಿತ್ತು. ಮಿಷನ್ ಮನೇಲಿದೆ, ಹೋದ್ರೆ ಕೂರೋಕೊಂದು ಜಾಗ ಇದೆ ಅಂತ. ಈಗ ಅದನ್ನೂ ಬೆನ್ನಟ್ಟಿಸಿ ಕಳಿಸಿದ್ದೀಯ. ಏನಂತ ತಿಳ್ಕೊಳ್ಳಲಿ?"

ಸೊಸೆ ಟ್ರೇ ಕೆಳಗಿಟ್ಟಳು. ಕೌಂಟರಿನಲ್ಲಿ ಗಿರಾಕಿ ನಿಂತಿದ್ದ. ಜೊತೆಯವಳಿಗೆ ಕಣ್ಸನ್ನೆ ಮಾಡಿ ಹಿಂಬಾಗಿಲಿನಿಂದ ಹೊರಗೆ ಬಂದಳು.

"ಅತ್ತೆ, ಮಿಷನ್ ಇಲ್ಲೇ ಇದ್ರೆ ನೀವು ಅದಕ್ಕೋಸ್ಕರ ಬರ್ತೀರಿ ಅಂತ ನಿಮ್ಮ ಮಗ ಅಂದ್ರು. ಹಾಗೆ ಬರಿಸ್ಕೊಳ್ಳೋದು ನನಗೆ ಬೇಡ ಅನ್ನಿಸ್ತು. ಇರಬೇಕು ಅನ್ಸಿದ್ರೆ ಅಲ್ಲೇ ಇರಿ. ಬರಬೇಕು ಅನ್ಸಿದ್ರೆ ಬನ್ನಿ. ಅಷ್ಟೆ."

ಆ ಕಡೆ ಕೂಸು ಅಳುವುದು ಕೇಳಿಸಿತು, ಯಾರೋ ಎತ್ತಿಕೊಂಡದ್ದೂ ಕೇಳಿಸಿತು.

"ನಾನು ಬರಬೇಕು ಅಂತ ನಿನಗೆ ಅನ್ಸತ್ತಾ?" ಎಂದು ಕೇಳಿದರು ಅತ್ತೆ.

ಹೂಂ ಎಂದುಬಿಡುವುದು ಸುಲಭವಿತ್ತು. ಸೊಸೆ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು.

"ದಿನಾ ಅನ್ಸಲ್ಲ ಅತ್ತೆ. ತುಂಬಾ ದಿನ ಅನ್ಸತ್ತೆ."

ಅತ್ತೆ ನಕ್ಕರು. ಫೋನಿನಲ್ಲಿ ಆ ನಗು ಕೆಮ್ಮಿನ ಹಾಗಿತ್ತು. "ಅಷ್ಟು ಸಾಕು ಬಿಡು. ದಿನಾ ಅನ್ಸತ್ತೆ ಅಂದಿದ್ರೆ ನಾನು ನಂಬ್ತಿರಲಿಲ್ಲ."

ಆರು ತಿಂಗಳಿಗೆ ಸರಿಯಾಗಿ ಅತ್ತೆ ಹೊರಟು ಬಂದರು. ಈ ಸಲ ಟಿಕೆಟ್ಟನ್ನು ನಾದಿನಿಯೇ ಪೂರ್ತಿ ಮಾಡಿಸಿದಳು. ಅಣ್ಣ ಕೇಳಿದರೂ ಅವನ ಕೈಗೆ ಕೊಡಲಿಲ್ಲ. ಕರೆತರಲು ಸೊಸೆಯೇ ವಿಮಾನ ನಿಲ್ದಾಣಕ್ಕೆ ಹೋದಳು. ಬ್ಯಾಗು ಬರುವುದು ತಡವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಟೀ ತಗೊಂಡು ಕಂಬಕ್ಕೆ ಒರಗಿ ನಿಂತಿದ್ದಳು. ಟೀ ಆರುವ ಮೊದಲೇ, ಎಲ್ಲರಿಗಿಂತ ಮುಂದಾಗಿ, ಹೆಗಲಿಗೊಂದು ಕೈಚೀಲ ಹಾಕಿಕೊಂಡು ಅತ್ತೆ ಹೊರಗೆ ಬಂದರು.

"ಬ್ಯಾಗು ಅತ್ತೆ?"

"ಇಷ್ಟೇ. ಆ ಬೆಲ್ಟಿನ ಹತ್ರ ಮತ್ತೆ ನಿಲ್ಲಲ್ಲ ಅಂತ ಆವತ್ತೇ ಅಂದ್ಕೊಂಡಿದ್ದೆ."

"ಮಿಷನ್ನು?"

"ಅಲ್ಲೇ ಬಿಟ್ಟೆ. ನಿನ್ನ ನಾದಿನಿ ಗುಂಡಿ ಹಾಕೋದು ಕಲ್ತಿದ್ದಾಳೆ, ಮುಂದಕ್ಕೆ ಕಾಲರಿನವರೆಗೂ ಬರಬಹುದು. ನಾವು ಇಲ್ಲಿ ಹೊಸದೊಂದು ತಗೊಳ್ಳೋಣ. ಹಾಲಿನ ಕಿಟಕಿ ಹತ್ರ ಇಡೋದು, ಬೆಳಕು ಅಲ್ಲೇ ಚೆನ್ನಾಗಿರೋದು. ಕೋಣೆ ಗಿಣಿಗೆ ಬಿಡು."

"ಹಾಲಲ್ಲಿ ಇಟ್ರೆ ಟೀವಿ ಕೇಳ್ಸಲ್ಲ ಅಂತ ನಿಮ್ಮ ಮಗ ದಿನಾ ಜಗಳ ತೆಗೀತಾರೆ."

"ತೆಗೀಲಿ. ಅವನ ಜೊತೆ ಜಗಳ ಆಡಿ ಆರು ತಿಂಗಳಾಯ್ತು" ಎಂದರು ಅತ್ತೆ. ಸೊಸೆಯ ಕೈಯಿಂದ ಟೀ ಲೋಟ ತಗೊಂಡು ಒಂದು ಗುಟುಕು ಕುಡಿದು, "ಸಕ್ಕರೆ ಹಾಕೇ ಇಲ್ವಲ್ಲೇ" ಎನ್ನುತ್ತ ಬಸ್ಸಿನ ಕಡೆ ಹೊರಟರು.